ಪಾಸ್‌ಪೋರ್ಟ್ ಜೊತೆಗೇ ಬರುವ ತೆರಿಗೆ

ಅಮೆರಿಕದ ಪೌರತ್ವ ಇಟ್ಟುಕೊಂಡು ಬೇರೆ ದೇಶದಲ್ಲಿ ನೆಲೆಸಬೇಕೆನ್ನುವವರು ನನ್ನನ್ನು ಮೊದಲು ಕೇಳುವುದು ಮನೆ ಬಾಡಿಗೆ ಎಷ್ಟು, ತಿಂಗಳ ಖರ್ಚು ಎಷ್ಟು ಎಂದು. ನಾನು ತಿರುಗಿ ಕೇಳುವುದು ಬೇರೆಯೇ: ಅಲ್ಲಿಗೆ ಹೋದ ಮೇಲೆ ನಿಮ್ಮ ಕೈಗೆ ದುಡ್ಡು ಯಾವ ರೂಪದಲ್ಲಿ ಬರುತ್ತದೆ? ಸಂಬಳವೋ, ಫ್ರೀಲ್ಯಾನ್ಸ್ ಬಿಲ್ಲೋ, ಪಿಂಚಣಿಯೋ, ಡಿವಿಡೆಂಡೋ? ಅದು ಗೊತ್ತಾದ ಮೇಲೆ ಊರು ಆರಿಸಿಕೊಳ್ಳಿ. ಅಮೆರಿಕ ತನ್ನ ಪ್ರಜೆಗಳು ಎಲ್ಲೇ ಇದ್ದರೂ ತೆರಿಗೆ ಲೆಕ್ಕ ಕೇಳುತ್ತದೆ. ಮನೆ ಮಾರಿ, ಸಾಮಾನು ಕಟ್ಟಿ ಬಂದರೂ ಆ ಋಣ ತೀರುವುದಿಲ್ಲ.

ನಾವು ಷಿಕಾಗೊ ಬಿಟ್ಟಾಗ ನಮ್ಮ ಮುಂದೆ ಎರಡು ದಾರಿ ಇದ್ದವು, ಲಿಸ್ಬನ್ ಮತ್ತು ಮೈಸೂರು. ಅಮ್ಮನಿಗೆ ವಯಸ್ಸಾಗಿತ್ತು, ಮೈಸೂರೇ ಗೆದ್ದಿತು. ಹುಟ್ಟೂರಾದರೂ ಕಾನೂನಿನ ಕಣ್ಣಿಗೆ ನಾನು ವಿದೇಶಿ. ಇರುವುದಕ್ಕೂ ದುಡಿಯುವುದಕ್ಕೂ ನನಗೆ ಆಧಾರ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಸಿಗುವ ಒಸಿಐ ಕಾರ್ಡ್. ಅದಿದ್ದರೆ ಎಷ್ಟು ವರ್ಷ ಇದ್ದರೂ ವಿದೇಶಿಯರ ನೋಂದಣಿ ಕಚೇರಿಗೆ ಅಲೆಯಬೇಕಿಲ್ಲ, ಖಾಸಗಿ ನೌಕರಿಗೆ ಬೇರೆ ವೀಸಾ ಬೇಕಿಲ್ಲ. ಮತದಾನವಿಲ್ಲ, ಸರ್ಕಾರಿ ನೌಕರಿಯಿಲ್ಲ. ಪತ್ರಿಕೋದ್ಯಮ, ಸಂಶೋಧನೆಯಂಥ ಕೆಲವು ಕೆಲಸಗಳಿಗೆ ಮುಂಚೆಯೇ ಅನುಮತಿ ಪಡೆಯಬೇಕು. ಮೈಸೂರಿನ ಹತ್ತಿರ ಒಂದು ತೆಂಗಿನ ತೋಟ ಮಾಡೋಣ ಎಂದು ಕನಸು ಕಾಣುವವರಿಗೆ ಇನ್ನೊಂದು ಮಾತು: 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು, ಆದರೆ ಒಸಿಐನವರು ಕೊಳ್ಳುವಂತಿಲ್ಲ. ಅಪ್ಪ ಅಮ್ಮನಿಂದ ವಾರಸಿನಲ್ಲಿ ಬಂದರೆ ಸರಿ.

ನನ್ನ ಗಂಡ ಒಹಾಯೊದವರು, ಭಾರತದ ಮೂಲ ಇಲ್ಲ. ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿದ್ದರೆ ಒಸಿಐನವರ ಗಂಡ ಅಥವಾ ಹೆಂಡತಿಗೂ ಕಾರ್ಡ್ ಸಿಗುತ್ತದೆ. ಮದುವೆ ಮುರಿದರೆ ಕಾರ್ಡೂ ಹೋಗುತ್ತದೆ. ಯಾವ ಸಂಬಂಧವೂ ಇಲ್ಲದ ಅಮೆರಿಕನ್ನರು ಇಲ್ಲಿ ನೌಕರಿ ಮಾಡಲು ಎಂಪ್ಲಾಯ್‌ಮೆಂಟ್ ವೀಸಾ ಬೇಕು. ಅದಕ್ಕೆ ಸಂಬಳದ ಕನಿಷ್ಠ ಮಿತಿ ಇದೆ, ನೌಕರಿ ಕೊಡುವ ಸಂಸ್ಥೆಯೂ ಬೇಕು.

ಇನ್ನು ದುಡಿಮೆಯ ವಿಷಯ. ನಾನು ಸಾಫ್ಟ್‌ವೇರ್ ಕಂಪನಿಗಳಿಗೆ ಕೈಪಿಡಿ ಬರೆದುಕೊಡುವವಳು, ಗಂಟೆ ಲೆಕ್ಕದಲ್ಲಿ ಬಿಲ್ ಕಳಿಸುತ್ತೇನೆ. ಹೊರದೇಶದಲ್ಲಿ ದುಡಿದ ಆದಾಯದಲ್ಲಿ 2025ಕ್ಕೆ 1,30,000 ಡಾಲರ್‌ವರೆಗೆ ಅಮೆರಿಕದ ಆದಾಯ ತೆರಿಗೆಯಿಂದ ವಿನಾಯಿತಿ ಪಡೆಯಬಹುದು. ಹನ್ನೆರಡು ತಿಂಗಳಲ್ಲಿ 330 ಪೂರ್ಣ ದಿನ ಹೊರಗಿದ್ದರೆ ಅದಕ್ಕೆ ಅರ್ಹತೆ ಸಿಗುತ್ತದೆ. ಇದನ್ನು ಕೇಳಿದ ಕೂಡಲೇ ಎಲ್ಲರೂ ಹಗುರಾಗುತ್ತಾರೆ. ಆದರೆ ಸ್ವಂತ ದುಡಿಮೆಯವರು ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆಂದು ಕಟ್ಟುವ 15.3 ಶೇಕಡಾ ತೆರಿಗೆಗೆ ಈ ವಿನಾಯಿತಿ ತಾಗುವುದಿಲ್ಲ. ಖರ್ಚು ಕಳೆದು 60,000 ಡಾಲರ್ ಉಳಿಯಿತು ಎಂದುಕೊಳ್ಳಿ. ಅದರ 92.35 ಶೇಕಡಾ, ಅಂದರೆ 55,410 ಡಾಲರ್ ಮೇಲೆ ಲೆಕ್ಕ ಹಾಕಿದರೆ ಸುಮಾರು 8,478 ಡಾಲರ್ ಕಟ್ಟಬೇಕು. ಆದಾಯ ತೆರಿಗೆ ಸೊನ್ನೆ ಇದ್ದಾಗಲೂ ಕಟ್ಟಬೇಕು. ಮೈಸೂರಿನಲ್ಲಿ ಕೂತು ಮಾಡಿದ ಕೆಲಸಕ್ಕೆ ಭಾರತದಲ್ಲೂ ಆದಾಯ ತೆರಿಗೆ ಬೀಳುತ್ತದೆ. ಇಲ್ಲಿ ಕಟ್ಟಿದ್ದನ್ನು ತೋರಿಸಿ ಆ 15.3ನ್ನು ಇಳಿಸಿಕೊಳ್ಳಲು ಬರುವುದಿಲ್ಲ.

ಲಿಸ್ಬನ್‌ಗೆ ಹೋಗಿದ್ದರೆ? ಪೋರ್ಚುಗಲ್‌ನಲ್ಲಿ ದೂರದಿಂದಲೇ ಕೆಲಸ ಮಾಡುವವರಿಗೆ ಡಿ8 ವೀಸಾ ಇದೆ. ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕು. ಅಮೆರಿಕ ಮತ್ತು ಪೋರ್ಚುಗಲ್ ನಡುವೆ 1989ರಿಂದ ಸಾಮಾಜಿಕ ಭದ್ರತೆಯ ಒಪ್ಪಂದ ಜಾರಿಯಲ್ಲಿದೆ. ಅಲ್ಲಿನ ವಂತಿಗೆ ಕಟ್ಟಿ ಪ್ರಮಾಣಪತ್ರ ಪಡೆದ ಫ್ರೀಲ್ಯಾನ್ಸರ್‌ಗೆ ಅಮೆರಿಕದ 15.3 ತಪ್ಪುತ್ತದೆ. ಭಾರತದೊಂದಿಗೆ ಅಂಥ ಒಪ್ಪಂದವಿಲ್ಲ. ಲಕ್ಷಾಂತರ ಜನ ಎರಡೂ ಕಡೆ ದುಡಿದು ಎರಡೂ ಕಡೆ ಕಟ್ಟುತ್ತಿರುವಾಗ ಇದೊಂದು ಒಪ್ಪಂದ ಆಗದೆ ಉಳಿದಿರುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಹಾಗಿದ್ದರೆ ಬೆಂಗಳೂರಿನ ಕಂಪನಿಯೊಂದರಲ್ಲಿ ನೌಕರಿ ಹಿಡಿಯಬಹುದಲ್ಲ? ಹಿಡಿಯಬಹುದು. ಭಾರತೀಯ ಕಂಪನಿಯ ಸಂಬಳಕ್ಕೆ ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ವಂತಿಗೆ ಇಲ್ಲ. ಅಲ್ಲಿ ಎದುರಾಗುವುದು ಪಿಎಫ್. ಒಪ್ಪಂದವಿಲ್ಲದ ದೇಶದ ಪಾಸ್‌ಪೋರ್ಟ್ ಇರುವವರಿಗೆ 15,000 ರೂಪಾಯಿಯ ವೇತನ ಮಿತಿ ಅನ್ವಯಿಸದೆ ಪೂರ್ತಿ ವೇತನದ ಮೇಲೆ ಪಿಎಫ್ ಹಿಡಿಯುತ್ತಾರೆ, ಸಾಮಾನ್ಯವಾಗಿ 58 ವರ್ಷ ತುಂಬುವವರೆಗೆ ಅದು ಕೈಗೆ ಸಿಗುವುದಿಲ್ಲ. ಈ ವಿಶೇಷ ನಿಯಮ ಸಂವಿಧಾನಬಾಹಿರ ಎಂದು 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪಿತ್ತಿತು. ಬೇರೆ ಹೈಕೋರ್ಟ್‌ಗಳ ನಿಲುವು ಬೇರೆ ಇದೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಎಚ್‌ಆರ್‌ನವರನ್ನು ಈ ಬಗ್ಗೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಪಿಂಚಣಿಯ ಮೇಲೆ ಬದುಕುವವರಿಗೆ ಭಾರತ ಒಳ್ಳೆಯ ಆಯ್ಕೆ. ನನ್ನ ಗಂಡನಿಗೆ ಬರುವ ಸೋಶಿಯಲ್ ಸೆಕ್ಯುರಿಟಿ ಹಣಕ್ಕೆ ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅಮೆರಿಕ ಮಾತ್ರ ತೆರಿಗೆ ಹಾಕಬಹುದು. ಬಹಳ ವರ್ಷ ಹೊರಗಿದ್ದು ಬಂದವರಿಗೆ ಮೊದಲ ಎರಡು, ಕೆಲವೊಮ್ಮೆ ಮೂರು ವರ್ಷ ಆರ್‌ಎನ್‌ಓಆರ್ ಎಂಬ ಸ್ಥಾನಮಾನವೂ ಇರುತ್ತದೆ. ಆ ಅವಧಿಯಲ್ಲಿ ಅಮೆರಿಕದ ಬಡ್ಡಿ, ಡಿವಿಡೆಂಡು, ಷೇರು ಮಾರಿದ ಲಾಭಕ್ಕೆ ಭಾರತದಲ್ಲಿ ತೆರಿಗೆ ಇಲ್ಲ. ಹಳೆಯ ಷೇರು ಮಾರಬೇಕಿದ್ದರೆ ಇದೇ ಸಮಯ. ಬಂದಿಳಿಯುವ ತಿಂಗಳಿಗೂ ಬೆಲೆಯಿದೆ. ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಭಾರತದಲ್ಲಿ ಇದ್ದಿರದಿದ್ದರೆ, ಅಕ್ಟೋಬರ್ ಎರಡನೇ ವಾರ ಕಳೆದು ಬಂದವರಿಗೆ ಆ ಆರ್ಥಿಕ ವರ್ಷದ 182 ದಿನ ತುಂಬುವುದಿಲ್ಲ. ಹೀಗಾಗಿ ಆ ವರ್ಷ ಅವರು ಅನಿವಾಸಿಯಾಗಿಯೇ ಉಳಿಯುತ್ತಾರೆ.

ಇಲ್ಲಿನ ಬ್ಯಾಂಕ್ ಖಾತೆಗಳ ವಿಷಯದಲ್ಲಿ ಮನೆಯವರಿಗೂ ವಿವರಿಸಬೇಕಾಗುತ್ತದೆ. ಅಮ್ಮನ ಎಫ್‌ಡಿಗಳಲ್ಲಿ ಜಂಟಿಯಾಗಿ ನನ್ನ ಹೆಸರಿದೆ. ಹೊರದೇಶದ ಖಾತೆಗಳ ಮೊತ್ತ ವರ್ಷದಲ್ಲಿ ಯಾವ ಕ್ಷಣದಲ್ಲಾದರೂ 10,000 ಡಾಲರ್ ದಾಟಿದರೆ ಅಮೆರಿಕಕ್ಕೆ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ಜಂಟಿ ಖಾತೆಗಳೂ ಪೂರ್ತಿಯಾಗಿ ಆ ಲೆಕ್ಕಕ್ಕೆ ಬರುತ್ತವೆ. ಪಾಸ್‌ಬುಕ್ಕು, ಎಫ್‌ಡಿ ರಸೀದಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಗರಿಷ್ಠ ಮೊತ್ತ ಬರೆದುಕೊಳ್ಳುತ್ತಿದ್ದಾಗ ಅಮ್ಮ, “ನಿಮ್ಮಪ್ಪ ಕೂಡಿಟ್ಟ ದುಡ್ಡು ಕಣೇ ಇದು. ಅಮೆರಿಕದೋರಿಗೆ ಯಾಕೆ ಲೆಕ್ಕ ಕೊಡ್ತೀಯ?” ಅಂದರು. ತೆರಿಗೆ ಕಟ್ಟೋದಕ್ಕಲ್ಲಮ್ಮ, ಬರೀ ತಿಳಿಸೋದಕ್ಕೆ ಎಂದು ಸಮಾಧಾನ ಹೇಳಿದೆ. ತಿಳಿಸದಿದ್ದರೆ ಬೀಳುವ ದಂಡ 10,000 ಡಾಲರ್ ಮೀರಬಹುದು. ಅದನ್ನು ಅವರಿಗೆ ಹೇಳಲಿಲ್ಲ. ಮ್ಯೂಚುವಲ್ ಫಂಡ್ ಮಾತ್ರ ಇಲ್ಲಿ ತೆಗೆದುಕೊಂಡಿಲ್ಲ. ಭಾರತದ ಫಂಡ್‌ಗಳನ್ನು ಅಮೆರಿಕದ ತೆರಿಗೆ ಕಾನೂನು ಬಹಳ ಕಠಿಣವಾಗಿ ನೋಡುತ್ತದೆ, ಒಂದೊಂದಕ್ಕೂ ಬೇರೆ ಫಾರಂ ತುಂಬಬೇಕಾಗುತ್ತದೆ.

ನಾವು ಇನ್ನೂ ಚರ್ಚಿಸುತ್ತಲೇ ಇರುವುದು ಅಮೆರಿಕದ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಬಗ್ಗೆ. ಭಾರತದ ಆಸ್ಪತ್ರೆ ಬಿಲ್ಲನ್ನು ಅದು ಕಟ್ಟುವುದಿಲ್ಲ. ಹಾಗಂತ ಅದರ ಪಾರ್ಟ್ ಬಿ ಭಾಗವನ್ನು ಬಿಟ್ಟು, ಮುಂದೊಂದು ದಿನ ಷಿಕಾಗೊಗೆ ಮರಳಬೇಕಾದರೆ, ಬಿಟ್ಟಿದ್ದ ಪ್ರತಿ ಹನ್ನೆರಡು ತಿಂಗಳಿಗೆ ಪ್ರೀಮಿಯಂ ಮೇಲೆ 10 ಶೇಕಡಾ ದಂಡ ಸೇರುತ್ತದೆ, ಜೀವನಪೂರ್ತಿ. 2025ರಲ್ಲಿ ಸಾಮಾನ್ಯ ಪ್ರೀಮಿಯಂ ತಿಂಗಳಿಗೆ 185 ಡಾಲರ್ ಇತ್ತು. ಮೈಸೂರಿನಲ್ಲಿ ಬೇರೆ ಆರೋಗ್ಯ ವಿಮೆಯನ್ನೂ ತೆಗೆದುಕೊಂಡಿದ್ದೇವೆ. ನಮ್ಮ ಮಗಳು ಅಮೆರಿಕದಲ್ಲೇ ಇರುವವರೆಗೂ ಎರಡನ್ನೂ ಕಟ್ಟುವುದು ಎಂದು ಸದ್ಯಕ್ಕೆ ತೀರ್ಮಾನಿಸಿದ್ದೇವೆ.