ಇಗುವಾನದ ದವಡೆ ಊದಿದೆ, ಏನು ಮಾಡಲಿ?

ಬೂಕನಕೆರೆಯ ಓದುಗರೇ, ನಿಮ್ಮ ಹಸಿರು ಇಗುವಾನ ಮೇವು ಬಿಟ್ಟಿದೆ, ಬೆರಳು ಅದುರುತ್ತಿವೆ, ಕೆಳದವಡೆ ಊದಿದೆ ಎಂದಿದ್ದೀರಿ. ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ. ಮೊದಲ ಅನುಮಾನ ಕ್ಯಾಲ್ಸಿಯಂ ಕೊರತೆಯ ಮೂಳೆರೋಗದ ಮೇಲೆ.

ಹಲ್ಲಿ ಜಾತಿಯನ್ನು ಮುಟ್ಟುವ ಮುಂಚೆ ವೈದ್ಯರು ಸುಮ್ಮನೆ ನೋಡುತ್ತಾರೆ. ಹೊಟ್ಟೆ ಎತ್ತಿ ನಡೆಯುತ್ತದೋ, ತೆವಳುತ್ತದೋ? ಬಾಯಿ ತೆರೆದು ಉಸಿರಾಡುತ್ತದೋ? ಕಣ್ಣು ಗುಳಿಬಿದ್ದಿದ್ದರೆ ಮೈಯಲ್ಲಿ ನೀರಿನಂಶ ಕಡಿಮೆ. ಆಮೇಲೆ ಗ್ರಾಂ ಲೆಕ್ಕದಲ್ಲಿ ತೂಕ. ಕೊನೆಗೆ ದವಡೆ ಮುಟ್ಟುತ್ತಾರೆ: ಗಟ್ಟಿಯಿರಬೇಕಾದ ಮೂಳೆ ರಬ್ಬರಿನಂತೆ ಬಾಗಿದರೆ ಎಕ್ಸ್‌ರೇ, ರಕ್ತಪರೀಕ್ಷೆ ಬೇಕು. ನೀವು ಒತ್ತಿ ನೋಡಲು ಹೋಗಬೇಡಿ, ಮುರಿದೀತು. ಬಾಲವನ್ನಂತೂ ಹಿಡಿಯಲೇಬೇಡಿ, ಕಳಚಿ ಕೈಗೆ ಬರುತ್ತದೆ.

ಕಿಟಕಿಯ ಬಿಸಿಲು ಬೀಳುತ್ತದಲ್ಲ ಎಂದಿದ್ದೀರಿ. ಮೂಳೆಗೆ ಬೇಕಾದ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ. ಜಾಲರಿ ಪಂಜರದಲ್ಲಿಟ್ಟು ಬೆಳಗಿನ ಎಳೆಬಿಸಿಲಿಗೆ ಬಿಡಿ, ಅರ್ಧ ನೆರಳಿರಲಿ. ಪಾಲಕ್ ಕೊಡುತ್ತಿದ್ದರೆ ನಿಲ್ಲಿಸಿ, ಅದು ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿ. ನುಗ್ಗೆಸೊಪ್ಪು, ದಾಸವಾಳದ ಎಲೆ ಕೊಡಿ. ಔಷಧಿ ಹೊಡೆದ ಗದ್ದೆ ಬದುವಿನದು ಬೇಡ.

ಊರ ಪಶು ಆಸ್ಪತ್ರೆಯವರು ದನ, ಕುರಿಯಲ್ಲಿ ಪಳಗಿದವರು. ಇಗುವಾನ ಅವರಿಗೆ ಅಪರೂಪ. ಹಾಸನದ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ, ಸರೀಸೃಪ ನೋಡುವವರು ಸಿಗುತ್ತಾರಾ ಕೇಳಿ. ಬೆರಳು ಅದುರುವುದು ತುರ್ತು ಲಕ್ಷಣ, ಮುಂದಿನ ವಾರಕ್ಕೆ ತಳ್ಳಬೇಡಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಇಗುವಾನದ ನೋಂದಣಿಯಾಗಿದೆಯಾ, ಅದನ್ನೂ ನೋಡಿಕೊಳ್ಳಿ.

ಪಕ್ಕದ ಮನೆ ಹುಡುಗ ಕಬ್ಬಿನ ಗದ್ದೆಯಿಂದ ಉಡದ ಮರಿ ತಂದಿದ್ದಾನೆ ಎಂದು ಬರೆದಿದ್ದೀರಲ್ಲ, ಅದು ಬೇರೆಯೇ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ಸಾಕುವುದು ಅಪರಾಧ. ಇವತ್ತೇ ಅರಣ್ಯ ಇಲಾಖೆಯವರಿಗೆ ತಿಳಿಸಲು ಹೇಳಿ.