ಮೇಕೆಯ ನೀರುಗುಳ್ಳೆಗೆ ನಾಯಿಯಲ್ಲಿದೆ ಮದ್ದು

ಹಬ್ಬಕ್ಕೆ ಮೇಕೆ ಕೊಯ್ದು ಬೋಟಿ ಬಿಡಿಸುವಾಗ, ಕರುಳಿನ ಕೊಬ್ಬಿನ ಪೊರೆಗೆ ನಿಂಬೆಹಣ್ಣಿನ ಗಾತ್ರದ, ತಿಳಿನೀರು ತುಂಬಿದ ಚೀಲ ಜೋತು ಬಿದ್ದಿರುವುದನ್ನು ಹಲವರು ನೋಡಿರುತ್ತಾರೆ. ಅದನ್ನು ಕಿತ್ತು, ಪಕ್ಕದಲ್ಲೇ ಕಾದು ಕುಳಿತ ನಾಯಿಯತ್ತ ಎಸೆದು ಕೆಲಸ ಮುಂದುವರಿಸುವುದು ರೂಢಿ. ತಪ್ಪಾಗುವುದು ಅಲ್ಲೇ.

ಆ ಚೀಲದಲ್ಲಿರುವುದು ಲಾಡಿಹುಳುವಿನ ಮರಿ. ಅದು ನಾಯಿಯ ಕರುಳು ಸೇರಿ ಹುಳುವಾಗಿ ಬೆಳೆಯುತ್ತದೆ. ಹುಳುವಿನ ಮೊಟ್ಟೆ ನಾಯಿಯ ಮಲದೊಂದಿಗೆ ಹುಲ್ಲಿಗೆ, ನೀರಿಗೆ ಸೇರುತ್ತದೆ. ಅದನ್ನು ಮೇಯ್ದ ಮೇಕೆಯಲ್ಲಿ ಮತ್ತೆ ಗುಳ್ಳೆ ಏಳುತ್ತದೆ. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ 61 ಲಕ್ಷಕ್ಕೂ ಹೆಚ್ಚು ಮೇಕೆಗಳಿವೆ. ನಾಯಿಯಿಲ್ಲದ ಹಟ್ಟಿ ಅಪರೂಪ. ಈ ಸರಪಳಿ ಕಡಿಯಲು ಹೀಗೆ ಮಾಡಿ.

ಹಂತ 1: ಗುಳ್ಳೆಯನ್ನು ಗುರುತಿಸಿ

* ಕೊಬ್ಬಿನ ಪೊರೆಗೋ ಲಿವರ್ ಮೇಲ್ಮೈಗೋ ಅಂಟಿಕೊಂಡ ತೆಳು ಚೀಲ, ಒಳಗೆ ಒಂದೇ ಒಂದು ಬಿಳಿ ಚುಕ್ಕೆ: ಇದು ಟೀನಿಯಾ ಹೈಡಾಟಿಜೀನಾ ಹುಳುವಿನ ಮರಿ.
* ಮಿದುಳಿನಲ್ಲಿ ಗುಳ್ಳೆ, ಒಳಗೋಡೆಯಲ್ಲಿ ರವೆ ಚೆಲ್ಲಿದಂತೆ ನೂರಾರು ಬಿಳಿ ಚುಕ್ಕೆ: ಇದು ಟೀನಿಯಾ ಮಲ್ಟಿಸೆಪ್ಸ್. ಮೇಕೆಗಳಲ್ಲಿ ಇದು ಮಾಂಸಖಂಡದಲ್ಲೂ ಚರ್ಮದಡಿಯಲ್ಲೂ ಗಂಟು ಕಟ್ಟುವುದುಂಟು.
* ಲಿವರ್, ಶ್ವಾಸಕೋಶದೊಳಗೆ ಹುದುಗಿದ ದಪ್ಪ ಗೋಡೆಯ ಬಿಳಿ ಗುಳ್ಳೆ: ಇದು ಹೈಡಾಟಿಡ್. ಮೂರರಲ್ಲಿ ಮನುಷ್ಯರಿಗೆ ಅತಿ ಅಪಾಯಕಾರಿ ಇದೇ.

ಹಂತ 2: ಸುತ್ತು ಹಾಕುವ ಮೇಕೆಯನ್ನು ವೈದ್ಯರಿಗೆ ತೋರಿಸಿ

ಹೊಟ್ಟೆಯೊಳಗಿನ ಗುಳ್ಳೆಗಳು ಸಾಮಾನ್ಯವಾಗಿ ಕೊಯ್ಯುವವರೆಗೆ ಸುಳಿವು ಕೊಡುವುದಿಲ್ಲ. ಮಿದುಳಿನ ಗುಳ್ಳೆ ಹಾಗಲ್ಲ. ಮೇಕೆ ಮಂದೆಯಿಂದ ಹಿಂದುಳಿಯುತ್ತದೆ, ತಲೆ ವಾಲಿಸುತ್ತದೆ, ಗಾಣದ ಎತ್ತಿನಂತೆ ನಿಂತಲ್ಲೇ ಸುತ್ತುತ್ತದೆ, ಕಣ್ಣು ಮಂಜಾಗುತ್ತದೆ. ಲಿಸ್ಟೀರಿಯೋಸಿಸ್ ಎಂಬ ಸೋಂಕಿನಲ್ಲೂ ಮೇಕೆ ಸುತ್ತುತ್ತದೆ; ಅದಕ್ಕೆ ಚಿಕಿತ್ಸೆಯೇ ಬೇರೆ. ಆದ್ದರಿಂದ ನೀವೇ ತೀರ್ಮಾನಿಸದೆ ಪಶುವೈದ್ಯರನ್ನು ಕಾಣಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಕೆಲವು ಪ್ರಕರಣಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಗುಳ್ಳೆ ತೆಗೆಯಬಹುದು.

ಹಂತ 3: ಹಸಿ ಒಳಾಂಗ ನಾಯಿಗೆ ಹಾಕಬೇಡಿ

ಗುಳ್ಳೆ ಕಂಡ ಭಾಗವನ್ನು ಮೂರ್ನಾಲ್ಕು ಅಡಿ ಆಳದ ಗುಂಡಿಗೆ ಹಾಕಿ, ಮಣ್ಣು ಮುಚ್ಚಿ, ನಾಯಿ ಕೆದಕದಂತೆ ಮೇಲೆ ಕಲ್ಲು ಹೇರಿ. ಸುಟ್ಟರೂ ಆದೀತು. ನಾಯಿಗೆ ಒಳಾಂಗ ಹಾಕಲೇಬೇಕೆಂದಿದ್ದರೆ ನೀರು ಕುದಿಯತೊಡಗಿದ ಮೇಲೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಬೇಯಿಸಿ ಹಾಕಿ. ಮಂದೆಯಲ್ಲಿ ಸತ್ತ ಮೇಕೆಯನ್ನು ಹಳ್ಳಕ್ಕೆಸೆಯದೆ ಹೂಳಿ. ತೋಳ, ನರಿಗಳೂ ಈ ಹುಳುಗಳಿಗೆ ಮನೆಯಾಗಬಲ್ಲವು.

ಹಂತ 4: ನಾಯಿಗೆ ಜಂತಿನ ಮದ್ದು ಕೊಡಿಸಿ

ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಬೇಕು. ನಾಯಿಯ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ, ಅಂದರೆ 15 ಕಿಲೋ ನಾಯಿಗೆ 75 ಮಿಲಿಗ್ರಾಂ ವಾಡಿಕೆಯ ಪ್ರಮಾಣ. ವೈದ್ಯರ ಸಲಹೆ ಪಡೆದೇ ಕೊಡಿ. ಹೈಡಾಟಿಡ್ ಹುಳು ನಾಯಿಯ ಹೊಟ್ಟೆಯಲ್ಲಿ ಬಲಿತು ಮೊಟ್ಟೆ ಬಿಡಲು ಸುಮಾರು ಆರು ವಾರ ಬೇಕು. ಒಳಾಂಗ ತಿನ್ನುವ ಸಂಭವವಿರುವ ನಾಯಿಗೆ ಆರು ವಾರಕ್ಕೊಮ್ಮೆ ಮದ್ದು ಹಾಕುವುದು ಅದಕ್ಕಾಗಿಯೇ. ಮಾತ್ರೆಗೆ ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಹೂಳಿ.

ಹಂತ 5: ಮೇವು, ನೀರು, ಕೈ

ಮೇವಿನ ರಾಶಿಯ ಮೇಲೆ ನಾಯಿ ಮಲಗಲು ಬಿಡಬೇಡಿ. ಮೇವಿನ ತೊಟ್ಟಿ ನೆಲಕ್ಕಿಂತ ಎತ್ತರದಲ್ಲಿರಲಿ. ತಂಪು, ತೇವವಿದ್ದಲ್ಲಿ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ. ಬಿರುಬಿಸಿಲು, ಒಣನೆಲ ಅದಕ್ಕಾಗದು. ಮನುಷ್ಯರಿಗೆ ಹೈಡಾಟಿಡ್ ತಗಲುವುದು ಮೇಕೆಯ ಮಾಂಸದಿಂದಲ್ಲ, ನಾಯಿಯ ಮಲದ ಮೊಟ್ಟೆ ಕೈಗೋ ತರಕಾರಿಗೋ ಅಂಟಿ ಬಾಯಿ ಸೇರಿದಾಗ. ನಾಯಿ ಮುಟ್ಟಿದ ಮಕ್ಕಳು ಸೋಪು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂರಲಿ.

ಜೀನ್ ಪರೀಕ್ಷೆ ಏಕೆ?

ಕಣ್ಣಿಗೆ ಒಂದೇ ತೆರನಾಗಿ ಕಾಣುವ ಗುಳ್ಳೆಗಳಲ್ಲೂ ತಳಿಭೇದವಿದೆ. ಕಾಕ್ಸ್–1 ಎಂಬ ಜೀನ್ ಓದಿ ಅದನ್ನು ಪತ್ತೆ ಹಚ್ಚುತ್ತಾರೆ. ಭಾರತದ ಜಾನುವಾರುಗಳ ಹೈಡಾಟಿಡ್‌ನಲ್ಲಿ ಹೆಚ್ಚಾಗಿ ಸಿಕ್ಕಿರುವುದು ಜಿ–1 ಮತ್ತು ಜಿ–3 ತಳಿಗಳು. ಕುರಿಯ ತಳಿ, ಎಮ್ಮೆಯ ತಳಿ ಎಂದು ಹೆಸರಿದ್ದರೂ ಎರಡೂ ಮೇಕೆಯನ್ನೂ ಮನುಷ್ಯರನ್ನೂ ಬಿಡುವುದಿಲ್ಲ. ಮೇಕೆಯ ಮಾಂಸಖಂಡದ ಗಂಟನ್ನು ಹಿಂದೆ ಬೇರೆಯೇ ಹುಳು ಎಂದುಕೊಂಡಿದ್ದರು. ಅದೂ ಮಿದುಳಿನ ಗುಳ್ಳೆಯ ಹುಳುವೇ ಎಂದು ತಿಳಿಸಿದ್ದು ಜೀನ್ ಪರೀಕ್ಷೆ.

ಸಾಕಣೆದಾರರು ಇದರಿಂದ ತಿಳಿಯಬೇಕಾದ್ದು ಇಷ್ಟು: ಮೇಕೆಯದಾಗಲಿ, ಕುರಿ, ದನ, ಎಮ್ಮೆಯದಾಗಲಿ, ಗುಳ್ಳೆಯಿರುವ ಹಸಿ ಒಳಾಂಗ ನಾಯಿಯ ಬಾಯಿಗೆ ಬೀಳಬಾರದು. ಮುಂದಿನ ಬಾಡೂಟಕ್ಕೆ ಒಲೆ ಹೂಡುವ ಮೊದಲು ಗುಂಡಿ ತೋಡಿಸಿಡಿ.