ಬೆಂಕಿಯನ್ನು ಎಸೆಯಬಹುದೆ?

ಉರಿಯುವ ಮೇಣದ ಬತ್ತಿಯನ್ನು ಊದಿ ನೋಡಿರಿ. ಜ್ವಾಲೆ ಬಾಗುವುದು, ಇಲ್ಲವೆ ಆರುವುದು. ಎದುರಿನ ಗೋಡೆಯವರೆಗೆ ಅದು ಹಾರಲಾರದು. ಜ್ವಾಲೆಯೆಂಬುದು ಉರಿಯುತ್ತಿರುವ ಬಿಸಿ ಅನಿಲ. ಅದರ ಸಾಂದ್ರತೆ ಬಹಳ ಕಡಮೆಯಾದುದರಿಂದ ಸುತ್ತಲಿನ ಗಾಳಿ ಅದರ ವೇಗವನ್ನು ಬೇಗನೆ ಕುಂದಿಸಿಬಿಡುತ್ತದೆ. ಹಾಗಾದರೆ ಯುದ್ಧದಲ್ಲಿ ಬೆಂಕಿಯನ್ನು ದೂರಕ್ಕೆ ಎಸೆದವರು ನಿಜವಾಗಿ ಎಸೆದುದೇನನ್ನು?

ಕ್ರಿ. ಪೂ. 424ರಲ್ಲಿ ಗ್ರೀಸಿನ ಡೀಲಿಯಂ ಎಂಬಲ್ಲಿ ನಡೆದ ಮುತ್ತಿಗೆಯನ್ನು ಇತಿಹಾಸಕಾರ ಥ್ಯೂಸಿಡಿಡೀಸನು ವರ್ಣಿಸಿದ್ದಾನೆ. ಬಿಯೋಷಿಯದ ಸೈನಿಕರು ಮರದ ತೊಲೆಯೊಂದನ್ನು ಟೊಳ್ಳು ಮಾಡಿ, ಅದರ ಮುಂದಿನ ತುದಿಗೆ ಕೆಂಡ, ಗಂಧಕಗಳಿದ್ದ ಕೊಪ್ಪರಿಗೆಯನ್ನು ತೂಗಿಬಿಟ್ಟು, ಹಿಂದಿನಿಂದ ತಿದಿಯೊತ್ತಿದರು. ಕೋಟೆಯ ಮರದ ಗೋಡೆ ಹೊತ್ತಿಕೊಂಡಿತು. ಆದರೆ ಯಂತ್ರವನ್ನು ಗೋಡೆಯ ಸಮೀಪಕ್ಕೇ ಒಯ್ಯಬೇಕಾಗಿದ್ದಿತು. ಅವರು ಊದಿದ್ದು ಬರಿಯ ಜ್ವಾಲೆಯನ್ನಷ್ಟೆ!

ಏಳನೆಯ ಶತಮಾನದಲ್ಲಿ ಬೈಜಾಂಟಿಯಂ ಸಾಮ್ರಾಜ್ಯದ ನೌಕಾಪಡೆಯು ಈ ತೊಡಕನ್ನು ಬಿಡಿಸಿತು. ‘ಗ್ರೀಕ್ ಬೆಂಕಿ’ ಎಂದು ಪ್ರಸಿದ್ಧವಾದ ಉರಿಯುವ ದ್ರವವನ್ನು ಅವರ ಹಡಗುಗಳು ಕೊಳವೆಯ ಮೂಲಕ ಶತ್ರುಗಳ ಮೇಲೆ ಚಿಮ್ಮಿಸುತ್ತಿದ್ದವು. ಅದರ ಪಾಕವನ್ನು ಎಷ್ಟು ಗುಟ್ಟಾಗಿಟ್ಟರೆಂದರೆ ಕೊನೆಗೆ ಅದು ಅವರೊಡನೆಯೇ ಅಳಿದುಹೋಯಿತು. ಅದರ ತತ್ತ್ವವಾದರೋ ನಮ್ಮ ಪಿಚಕಾರಿಯದೇ. ಅನಿಲಕ್ಕಿಂತ ನೂರಾರು ಪಟ್ಟು ಸಾಂದ್ರವಾದ ದ್ರವವು ಗಾಳಿಯನ್ನು ಸೀಳಿಕೊಂಡು ಮುಂದೆ ಸಾಗಬಲ್ಲದು.

ಇದನ್ನು ನೀರಿನ ಉದಾಹರಣೆಯಿಂದ ಲೆಕ್ಕಹಾಕೋಣ. ಹೊರಗಿನ ಗಾಳಿಗಿಂತ ಸುಮಾರು 2 ವಾಯುಭಾರದಷ್ಟು ಹೆಚ್ಚಿನ ಒತ್ತಡದಲ್ಲಿ ಚಿಮ್ಮುವ ನೀರಿನ ವೇಗ ಸೆಕೆಂಡಿಗೆ 20 ಮೀಟರು. 45 ಡಿಗ್ರಿ ಓರೆಯಲ್ಲಿ ಬಿಟ್ಟರೆ, ಗಾಳಿಯ ತಡೆಯಿಲ್ಲದಿದ್ದಲ್ಲಿ, ಅದು ಸುಮಾರು 40 ಮೀಟರು ದೂರ ಬೀಳಬೇಕು. ವಾಸ್ತವದಲ್ಲಿ ಗಾಳಿಯು ಧಾರೆಯನ್ನು ಹನಿಹನಿಯಾಗಿ ಒಡೆಯುವುದರಿಂದ ಅಷ್ಟು ದೂರ ಹೋಗದು.

ಜರ್ಮನಿಯ ರಿಚರ್ಡ್ ಫೀಡ್ಲರನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಯಂತ್ರದಲ್ಲಿ, ಒತ್ತಿ ತುಂಬಿದ ಅನಿಲವು ಎಣ್ಣೆಯನ್ನು ಹೊರದೂಡುತ್ತಿತ್ತು. 1915ರ ಜುಲೈ 30ರಂದು ಬೆಲ್ಜಿಯಂ ದೇಶದ ಹೂಗೆಯಲ್ಲಿ ಬ್ರಿಟಿಷ್ ಸೈನಿಕರು ಅದನ್ನು ಎದುರಿಸಿದರು. ದೂರ ಹೋಗುವ ಶಕ್ತಿಯನ್ನು ಕೊಟ್ಟ ದ್ರವಗುಣವೇ ಅದರ ಕ್ರೌರ್ಯಕ್ಕೂ ಕಾರಣ: ಉರಿಯುವ ದ್ರವವು ಮೈಗೆ ಅಂಟಿಕೊಂಡು ಅಲ್ಲಿಯೇ ಉರಿಯುತ್ತದೆ.

1980ರ ಅಂತರರಾಷ್ಟ್ರೀಯ ಒಪ್ಪಂದವೊಂದು ನಾಗರಿಕರ ಮೇಲೆ ಬೆಂಕಿಯ ಅಸ್ತ್ರಗಳ ಪ್ರಯೋಗವನ್ನು ನಿಷೇಧಿಸಿತು. ಭಾರತವೂ ಅದಕ್ಕೆ ಸಮ್ಮತಿಸಿದೆ. ಸೈನಿಕರಿಗೆ ಮಾತ್ರ ಆ ರಕ್ಷಣೆ ಪೂರ್ಣವಾಗಿ ದೊರೆತಿಲ್ಲ.

ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿರಿ. ಉರಿಯುವ ಮನೆಯ ಮೇಲೆ ನೀರೆರೆಯುವ ಅಗ್ನಿಶಾಮಕ ದಳದವರ ಕೊಳವೆಗೂ ಅದೇ ಸೂತ್ರ. ಒತ್ತಡವನ್ನೂ ವೇಗವನ್ನೂ ಸೂತ್ರವು ತಿಳಿಸೀತು. ಕೊಳವೆಯೊಳಗೆ ಏನನ್ನು ತುಂಬಬೇಕೆಂಬುದನ್ನು ನಾವೇ ನಿರ್ಧರಿಸಬೇಕು.